ಹೊಲಕ್ಕೆ ಕಡಲು ಬಿಟ್ಟ ದೊರೆ

ಮಂಗಳಾ ಟೀಚರ್ ರಾಜನ ಕಥೆ ಶುರು ಮಾಡಿದ್ದು ಕಥೆ ಹೇಳುವ ಹುಮ್ಮಸ್ಸಿನಿಂದಲ್ಲ. ಗಂಡ ಸಿದ್ದಲಿಂಗೇಶ ಕೆಲಸಕ್ಕೆ ಹೋದವನು ಮನೆಗೆ ಬಂದಿರಲಿಲ್ಲ.

ಅದು 1990ರ ಆಗಸ್ಟ್. ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿ ವಾರಗಳು ಕಳೆದಿದ್ದವು. ಸಿದ್ದಲಿಂಗೇಶ ಕಡಲ ದಂಡೆಯ ವಿದ್ಯುತ್ ಸ್ಥಾವರದಲ್ಲಿ ಟೆಕ್ನಿಷಿಯನ್. ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರಗಳೂ ಅಲ್ಲೇ ಇದ್ದವು. ಒಂದು ಬೆಳಿಗ್ಗೆ ಪಾಳಿಗೆ ಹೋದವನನ್ನು ಸೈನಿಕರು ಹೊರಗೆ ಬಿಡಲಿಲ್ಲ. ಯಂತ್ರ ಗೊತ್ತಿರುವವರು ಯಾರೂ ಹೊರಗೆ ಕಾಲಿಡಬಾರದು ಎಂದು ಹುಕುಂ ಆಗಿದೆಯೆಂದು ಸ್ಥಾವರದ ಒಬ್ಬ ಡ್ರೈವರ್ ಬಂದು ಹೇಳಿ ಹೋದ. ಅಷ್ಟೇ ಸುದ್ದಿ. ಫೋನ್ ಊರಿಗೆ ಹೋಗುತ್ತಿರಲಿಲ್ಲ. ಮಗಳು ಸ್ವಪ್ನಾ ರಜೆಗೆಂದು ಧಾರವಾಡದ ಅಜ್ಜಿಯ ಮನೆಯಲ್ಲಿದ್ದಳು. ಅದೊಂದೇ ಸಮಾಧಾನ, ಅದೇ ಸಂಕಟ.

ಕುವೈತಿನ ಅಬ್ಬಾಸಿಯಾ ಬಡಾವಣೆಯಲ್ಲಿ ಅವರಿದ್ದ ಮೂರಂತಸ್ತಿನ ಕಟ್ಟಡದ ಕೆಳಗೆ ಸೈದು ಎಂಬ ಕರಾವಳಿಯ ಬ್ಯಾರಿ ವ್ಯಾಪಾರಿಯ ದಿನಸಿ ಅಂಗಡಿ. ಅದರ ಹಿಂದೆ ಅವನ ಸಂಸಾರದ ಎರಡು ಕೋಣೆ, ಒಂದು ಉಗ್ರಾಣ. ಮಂಗಳಾ ಎರಡು ದಿನ ಮೇಲಿನಿಂದ ಇಳಿಯದ್ದನ್ನು ನೋಡಿ ಸೈದುವಿನ ಹೆಂಡತಿ ಖತೀಜಮ್ಮ ಹತ್ತಿ ಬಂದು ಬಾಗಿಲು ಬಡಿದಳು.

"ಟೀಚರೇ, ತೆಗೀರಿ ಬಾಗಿಲು. ಒಬ್ಬರೇ ಕೂತು ಗೋಡೆ ನೋಡಿದ್ರೆ ಗಂಡ ಬರ್ತಾರಾ? ಕೆಳಗೆ ಬನ್ನಿ. ಗಂಜಿ ಉಂಟು, ಉಪ್ಪಿನಕಾಯಿ ಉಂಟು. ನಿಮಗೆ ಪಾತ್ರೆ ಬೇರೆಯೇ ಇಟ್ಟಿದ್ದೇನೆ, ಮೀನು ತಾಗಿಲ್ಲ."

ಉಗ್ರಾಣದಲ್ಲಿ ತಂಪಿತ್ತು. ಅಕ್ಕಿ ಮೂಟೆಗಳ ಮೇಲೆ ಮೇಬಲ್ ಕೂತಿದ್ದಳು. ಮಂಗಳೂರಿನವಳು, ಸರಕಾರಿ ಆಸ್ಪತ್ರೆಯ ನರ್ಸು, ಮೇಲಿನ ಮಹಡಿಯ ಬಾಡಿಗೆದಾರಳು. ದಿನ ಬಿಟ್ಟು ದಿನ ಆಂಬುಲೆನ್ಸ್ ಬಂದು ಅವಳನ್ನು ಕರೆದೊಯ್ಯುತ್ತಿತ್ತು. ಸೈದು ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದವನು ಮಂಗಳಾ ಉಂಡು ಮುಗಿಸುವ ತನಕ ಕಾದು, ಮೆಲ್ಲಗೆ ಕೇಳಿದ.

"ಟೀಚರ್, ನೀವು ಚರಿತ್ರೆ ಕಲಿಸುವವರು. ಇಷ್ಟು ಸಣ್ಣ ದೇಶವನ್ನು ಇಷ್ಟು ದೊಡ್ಡ ಸೈನ್ಯ ನುಂಗಿದ ಮೇಲೆ ಆ ದೇಶ ಮತ್ತೆ ಎದ್ದದ್ದು ಎಲ್ಲಿಯಾದ್ರೂ ಉಂಟಾ?"

ಮಂಗಳಾ ಗಂಜಿಯ ಪಾತ್ರೆ ಬದಿಗಿಟ್ಟಳು. ತರಗತಿಯಲ್ಲಿ ಅರ್ಧ ಪೀರಿಯಡ್ಡಿನಲ್ಲಿ ಮುಗಿಸಿಬಿಡುತ್ತಿದ್ದ ಒಬ್ಬ ಇಂಗ್ಲೆಂಡಿನ ರಾಜ ನೆನಪಾದ. ಅವನು ಇಂಗ್ಲೆಂಡಿನವನೇ ಅಲ್ಲ ಎಂಬುದೂ ನೆನಪಾಯಿತು.

"ಒಂದು ಐತ್ರಿ ಸೈದು ಭಾಯಿ," ಎಂದಳು. "ಹಾಲೆಂಡ್ ಅಂತ ಸಣ್ಣ ನಾಡು. ಡಚ್ ಮಂದೀದು. ಸಮುದ್ರಕ್ಕಿಂತ ತಗ್ಗಿನಾಗ ಐತಿ. ಒಡ್ಡು ಕಟ್ಟಿ, ನೀರು ಹೊರಗ ಹಾಕಿ ಹೊಲಾ ಮಾಡ್ಕೊಂಡಾರ. ಮುನ್ನೂರಾ ನಲವತ್ತು ವರ್ಷದ ಹಿಂದ ಅಲ್ಲಿ ಒಂದು ಕೂಸು ಹುಟ್ಟಿತು. ಹುಟ್ಟೋಕಿಂತ ಒಂದು ವಾರದ ಮೊದಲ ಅವರಪ್ಪ ಸಿಡುಬು ಬಂದು ತೀರಿಕೊಂಡಿದ್ದ. ಬಾಣಂತಿ ಕೋಣಿಗೆ ಕರೀ ಬಟ್ಟಿ ಇಳಿಬಿಟ್ಟಿದ್ರಂತ. ವಿಲಿಯಂ ಅಂತ ಹೆಸರಿಟ್ರು."

"ಯಾ ಅಲ್ಲಾ," ಎಂದಳು ಖತೀಜಮ್ಮ. "ಅಪ್ಪನ ಮುಖ ನೋಡದ ಮಗು."

"ಹತ್ತು ವರ್ಷದಾಗ ತಾಯಿನೂ ಹೋದ್ಲು. ಆಕಿಗೂ ಸಿಡುಬ."

ಮೇಬಲ್ ಶಿಲುಬೆಯ ಗುರುತು ಹಾಕಿಕೊಂಡಳು.

ಹುಡುಗ ಕುಳ್ಳ, ಬೆನ್ನು ಕೊಂಚ ಬಾಗಿದ್ದು, ಚಿಕ್ಕಂದಿನಿಂದ ಉಬ್ಬಸ. ಅವನ ಮನೆತನದವರು ತಲೆಮಾರುಗಳಿಂದ ಆ ನಾಡಿನ ಸೈನ್ಯಕ್ಕೆ ನಾಯಕರು. ಆದರೆ ಊರಿನ ದೊಡ್ಡ ವರ್ತಕರೆಲ್ಲ ಸೇರಿ, ಇನ್ನು ಈ ಮನೆತನಕ್ಕೆ ಅಧಿಕಾರ ಬೇಡ ಎಂದು ತೀರ್ಮಾನಿಸಿದ್ದರು. ಹುಡುಗ ಬಾಯಿ ಬಿಗಿಹಿಡಿದು ಬೆಳೆದ. ಯಾರನ್ನು ನಂಬಬೇಕು, ಯಾರ ಮುಂದೆ ಏನು ಆಡಬಾರದು ಎಂಬುದು ಮೀಸೆ ಬರುವ ಮೊದಲೇ ಅವನಿಗೆ ಗೊತ್ತಿತ್ತು. ಮಂಗಳಾ ಇಷ್ಟು ಹೇಳುವ ಹೊತ್ತಿಗೆ ಹೊರಗೆ ಸೈನ್ಯದ ಲಾರಿಗಳು ಸಾಲಾಗಿ ಹಾದುಹೋದವು. ಸದ್ದು ಅಡಗಿದ ಮೇಲೆ ಸೈದು, "ನಾಳೆ ಹೇಳಿ ಟೀಚರ್," ಎಂದ.

ಮರುದಿನ ಮಧ್ಯಾಹ್ನ ಉಗ್ರಾಣದಲ್ಲಿ ಕಟ್ಟಡದ ಇನ್ನೂ ಕೆಲವರು ಬಂದು ಕೂತಿದ್ದರು. ಮಂಗಳಾಳಿಗೆ ತರಗತಿಗೆ ಬಂದಂತಾಯಿತು. ಧ್ವನಿ ತಾನಾಗಿ ಏರಿತು.

"ವಿಲಿಯಂಗ ಇಪ್ಪತ್ತೊಂದು ವರ್ಷ. ಫ್ರಾನ್ಸಿನ ರಾಜ ಲಕ್ಷಕ್ಕೂ ಹೆಚ್ಚು ದಂಡು ತಗೊಂಡು ಬಂದ. ಆ ಕಾಲದಾಗ ಅವನಂಥಾ ರಾಜ ಇನ್ನೊಬ್ಬ ಇದ್ದಿದ್ದಿಲ್ಲ. ಕೆಲವೇ ವಾರದಾಗ ಊರಿಗೆ ಊರು ಬಿದ್ದವು. ಈ ಕಡೆ ಫ್ರಾನ್ಸು, ಸಮುದ್ರದ ಕಡೆ ಇಂಗ್ಲೆಂಡು, ಎರಡೂ ಸೇರಿ ಹೊಡದ್ವು. ಮಂದಿಗೆ ತಲಿ ಕೆಟ್ಟು ಹೋತು. ಆವಾಗ ಈ ಉಬ್ಬಸದ ಹುಡುಗನ್ನ ಕರದು, ನೀನ ನಾಯಕ ಆಗಪ್ಪಾ ಅಂದ್ರು."

"ಎಲ್ಲ ಮುಳುಗಿದ ಮೇಲೆ!" ಎಂದ ಸೈದು.

"ಹೌದ್ರಿ. ಇಂಗ್ಲೆಂಡಿನಿಂದ ಬಂದ ಒಬ್ಬ ದೊಡ್ಡ ಮನಶಾ ಅವನಿಗೆ ಅಂದ, ನಿನ್ನ ದೇಶ ಮುಗೀತು, ಕಾಣವಲ್ದೇನು? ಅದಕ್ಕ ವಿಲಿಯಂ ಏನಂದ ಗೊತ್ತೇನು? ಮುಗಿದಿದ್ದನ್ನ ನೋಡದಂಗ ಇರಲಿಕ್ಕ ಒಂದು ದಾರಿ ಐತಿ, ಕಟ್ಟಕಡೀ ಕಂದಕದಾಗ ನಿಂತು ಸಾಯೋದು."

ಸೈದು ರೇಡಿಯೋದ ಸದ್ದು ತಗ್ಗಿಸಿದ.

"ಆಮ್ಯಾಲೆ ಅವರು ಒಡ್ಡಿನ ಬಾಗಿಲಾ ತಗದ್ರು. ಅಜ್ಜ ಮುತ್ತಜ್ಜರು ನೀರು ಹೊರಗ ಹಾಕಿ ಮಾಡಿದ ಹೊಲಾ. ಪೈರು ನಿಂತದ. ಅದರ ಮ್ಯಾಲ ಹೊಳಿ ನೀರು, ಕಡಲ ನೀರು ಎಲ್ಲಾ ಬಿಟ್ರು. ದೋಣಿ ಹೋಗಾಕ ಸಾಲದಷ್ಟು ತೆಳು, ಕುದುರಿ ದಾಟಾಕ ಬರದಷ್ಟು ಆಳ. ಹರದಾರಿ ಹರದಾರಿ ನೀರೇ ನೀರು. ಫ್ರಾನ್ಸಿನ ಲಕ್ಷ ಮಂದಿ ದಂಡು ನೀರಿನ ದಂಡಿಗೆ ಬಂದು ನಿಂತಿತು. ಆ ಕಡೆ ಆಮ್‌ಸ್ಟರ್‌ಡ್ಯಾಮಿನ ಗೋಪುರ ಕಾಣತಾವ, ಮುಟ್ಟಾಕ ಬರಂಗಿಲ್ಲ."

ಚಳಿಗಾಲದಲ್ಲಿ ಆ ನೀರು ಗಟ್ಟಿಯಾಯಿತು, ಶತ್ರುಗಳು ಮಂಜುಗಡ್ಡೆಯ ಮೇಲೆ ನಡೆದು ಬರತೊಡಗಿದರು, ಅಷ್ಟರಲ್ಲಿ ಬಿಸಿಲು ಬಿದ್ದು ಮಂಜು ಕರಗಿ ಅವರು ಹಿಂದೆ ಓಡಬೇಕಾಯಿತು ಎಂದು ಮಂಗಳಾ ಹೇಳುವಾಗ ಖತೀಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮರಳುಗಾಡಿನ ನಡುವೆ, ನಲವತ್ತೈದು ಡಿಗ್ರಿಯ ಮಧ್ಯಾಹ್ನದಲ್ಲಿ ಅವರೆಲ್ಲರ ಕಣ್ಣ ಮುಂದೆ ಹೊಲಗಳ ಮೇಲೆ ಹರಡಿದ ನೀರು ಇತ್ತು.

ಸೈದು ಕೇಳಿದ. "ಆ ಹೊಲದವರು? ಅವರು ಸುಮ್ಮನೆ ಬಿಟ್ಟರಾ?"

"ಎಲ್ಲಾರೂ ಬಿಡಲಿಲ್ಲ. ಸಲಕಿ, ಗುದ್ದಲಿ ಹಿಡಕೊಂಡು ಬಾಗಿಲಾ ಮುಚ್ಚಾಕ ಬಂದ್ರು. ಸಿಪಾಯಿಗಳನ್ನ ಕಾವಲಿಗೆ ಹಾಕಬೇಕಾತು. ತಮ್ಮ ಅನ್ನಾನ ತಾವು ಮುಳುಗಸೋದು ಹಗುರ ಏನ್ರಿ?"

ಸೈದು ತಲೆದೂಗಿದ. ಅವನ ಉಗ್ರಾಣದಲ್ಲಿ ಅಕ್ಕಿ, ಹಿಟ್ಟು, ಸಕ್ಕರೆ, ಹಾಲಿನ ಪುಡಿಯ ಡಬ್ಬಿಗಳು ಚಾವಣಿಯವರೆಗೆ ಇದ್ದವು. ಪಕ್ಕದ ಬೀದಿಯ ಅಂಗಡಿಗಳನ್ನು ಸೈನಿಕರು ಬರಿದು ಮಾಡಿದ್ದರು. ಅವನು ಒಳಗಿನಿಂದ ಎರಡು ಬೀಗ ಹಾಕಿ ಕಾಯುತ್ತಿದ್ದ.

ಮರುದಿನ ಬೆಳಿಗ್ಗೆ ಮೆಟ್ಟಿಲುಗಳ ಮೇಲೆ ದಡಬಡ ಸದ್ದು ಕೇಳಿ ಮಂಗಳಾ ಹೊರಗೆ ಬಂದಳು. ಸೈದು ಹೆಗಲ ಮೇಲೆ ಮೂಟೆ ಹೊತ್ತು ಹತ್ತುತ್ತಿದ್ದ. ಬೆವರು ಸುರಿಯುತ್ತಿತ್ತು. ಮಲಯಾಳಿಗಳ ಬಾಗಿಲಿಗೆ ಒಂದು, ಈಜಿಪ್ಟಿನವರ ಬಾಗಿಲಿಗೆ ಒಂದು, ಮೇಬಲ್‌ಳ ಮನೆಗೆ ಹಾಲಿನ ಪುಡಿಯ ಪೆಟ್ಟಿಗೆ.

"ಏನ್ರಿ ಸೈದು ಭಾಯಿ ಇದು?"

"ಅವರು ಬಂದು ತಗೊಂಡು ಹೋಗುವ ಮೊದಲು ನಾನೇ ಬಿಡ್ತೇನೆ ಟೀಚರ್. ಹದಿನೇಳು ವರ್ಷದ ಅಂಗಡಿ. ಮುಳುಗಲಿ ಮಾರಾಯ್ರೆ."

ಅವನು ಮೂಟೆ ಇಳಿಸಿ ಮತ್ತೆ ಕೆಳಗೆ ಹೋದ.

ಸೈನಿಕರು ಬಂದದ್ದು ಆ ವಾರದಲ್ಲೇ, ಹಾಡಹಗಲು. ನಾಲ್ಕೈದು ಜನ. ಮಂಗಳಾ ಉಗ್ರಾಣದ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಬೋಳು ಕಪಾಟುಗಳನ್ನು ಕಂಡು ಅವರ ಮುಖಂಡ ಅರಬ್ಬಿಯಲ್ಲಿ ಗುಡುಗಿದ. ಸೈದು ಎರಡೂ ಕೈ ಬಿಚ್ಚಿ ತೋರಿಸಿ, "ಖಲಾಸ್," ಎಂದ. "ಕುಲ್ಲು ಖಲಾಸ್." ಎಲ್ಲವೂ ಖಾಲಿ. ಬಂದೂಕಿನ ಹಿಡಿ ತಕ್ಕಡಿಯ ಮೇಲೆ ಬಿತ್ತು, ಗಾಜು ಚೂರಾಯಿತು, ಆಮೇಲೆ ಸೈದುವಿನ ಹೆಗಲಿಗೂ ಒಂದು ಏಟು ಬಿತ್ತು. ಅವನು ಬೀಳಲಿಲ್ಲ. ಅವರು ಬೈದುಕೊಳ್ಳುತ್ತ ಹೊರಟರು. ಎಲ್ಲರಿಗಿಂತ ಹಿಂದೆ ಉಳಿದ ಒಬ್ಬ ಸಣಕಲು ಸೈನಿಕ, ಬೇರೆಯವರು ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳುಗಳನ್ನು ಕೂಡಿಸಿ ಬಾಯಿಗೆ ಮುಟ್ಟಿಸಿ ಹಸಿವೆಂದು ತೋರಿಸಿದ. ಖತೀಜಮ್ಮ ಒಳಗಿನಿಂದ ಎರಡು ಅಕ್ಕಿರೊಟ್ಟಿ ತಂದು ಅವನ ಕೈಗಿಟ್ಟಳು. ಅವನು ಅಂಗಿಯೊಳಗೆ ತುರುಕಿಕೊಂಡು ಓಡಿದ.

ಸೈದು ಹೆಂಡತಿಯತ್ತ ನೋಡಿದ.

"ನೋಡ್ಬೇಡಿ ಹಾಗೆ. ಅವನ ತಾಯಿ ಎಲ್ಲಿ ಅಳ್ತಾ ಇದ್ದಾಳೋ," ಎಂದು ಖತೀಜಮ್ಮ ಗಾಜು ಗುಡಿಸತೊಡಗಿದಳು.

ಕಥೆ ಮುಂದುವರಿಯಿತು. ವಿಲಿಯಂ ದೇಶ ಉಳಿಸಿಕೊಂಡ. ತನಗೂ ಸಿಡುಬು ಬಂದು ಸಾವಿನ ಬಾಗಿಲು ನೋಡಿ ಬಂದ. ಇಂಗ್ಲೆಂಡಿನ ರಾಜನ ತಮ್ಮ ಜೇಮ್ಸ್ ಅವನ ತಾಯಿಯ ಒಡಹುಟ್ಟಿದವನು. ಆ ಸೋದರಮಾವನ ಮಗಳು ಮೇರಿಯನ್ನೇ ಮದುವೆಯಾದ. ಹದಿನೈದರ ಹುಡುಗಿ. ತನಗಿಂತ ಗೇಣುದ್ದ ಕುಳ್ಳ, ಕೆಮ್ಮುವ ಗಂಡ ಎಂದು ಗೊತ್ತಾದಾಗ ಒಂದೂವರೆ ದಿನ ಅತ್ತಳಂತೆ. ಹೆಂಗಸರೆಲ್ಲ ಇಲ್ಲಿ ನಕ್ಕರು. ಸೋದರಮಾವನ ಮಗಳೆಂದರೆ ನಮ್ಮ ಕಡೆಯ ಹಾಗೇ ಆಯಿತಲ್ಲ ಎಂದು ಯಾರೋ ಅಂದರು.

ನಗು ನಿಂತದ್ದು ಮುಂದಿನ ಭಾಗದಲ್ಲಿ. ಜೇಮ್ಸ್ ಇಂಗ್ಲೆಂಡಿನ ರಾಜನಾದ. ಅವನು ಕೆಥೊಲಿಕ್, ದೇಶ ಪ್ರೊಟೆಸ್ಟೆಂಟ್. ತನ್ನ ಮನಸ್ಸಿಗೆ ಬಂದಂತೆ ಕಾನೂನು ಬದಿಗೊತ್ತುತ್ತಿದ್ದಾನೆ ಎಂದು ಪ್ರಮುಖರಿಗೆ ಸಿಟ್ಟು. ಏಳು ಜನ ಸೇರಿ ಅಳಿಯನಿಗೆ ಹೇಳಿಕಳಿಸಿದರು: ಸೈನ್ಯ ತಗೊಂಡು ಬಾ. ವಿಲಿಯಂ ನಾನೂರಕ್ಕೂ ಹೆಚ್ಚು ಹಡಗು ಕಟ್ಟಿಕೊಂಡು ಹೊರಟ. ಮೊದಲ ಸಲ ಬಿರುಗಾಳಿ ಹಿಂದಕ್ಕೆ ತಳ್ಳಿತು. ಎರಡನೆಯ ಸಲ ಪೂರ್ವದ ಗಾಳಿ ಎದ್ದಿತು. ಅದೇ ಗಾಳಿ ಅವನ ಹಡಗುಗಳನ್ನು ಮುಂದೆ ನೂಕಿ, ಇಂಗ್ಲೆಂಡಿನ ಹಡಗುಗಳು ಬಂದರು ಬಿಡದಂತೆ ತಡೆಯಿತು. ದಂಡೆಯಲ್ಲಿ ನಿಂತವರಿಗೆ ಕಣ್ಣು ಹಾಯುವಷ್ಟೂ ಹಾಯಿ ಕಂಡವಂತೆ. ಮಾವನ ಸೈನ್ಯ ಕರಗಿತು. ಜೇಮ್ಸ್ ಓಡಿಹೋಗುವಾಗ ರಾಜಮುದ್ರೆಯನ್ನು ನದಿಗೆ ಎಸೆದು ಹೋದ.

"ನಿಲ್ಲಿಸಿ ಟೀಚರ್," ಎಂದ ಸೈದು. ಏಟು ಬಿದ್ದ ಹೆಗಲಿಗೆ ಬಟ್ಟೆ ಕಟ್ಟಿಕೊಂಡಿದ್ದ. "ಕರೆದರು, ಅದಕ್ಕೆ ಹೋದ ಅಂತೀರಿ. ನಮ್ಮನ್ನು ಇಲ್ಲಿನವರೇ ಕರೆದರು ಅಂತ ಈ ಇರಾಕಿನವರೂ ರೇಡಿಯೋದಲ್ಲಿ ಹೇಳ್ತಿದ್ದಾರಲ್ಲ?"

ಮಂಗಳಾ ಇಷ್ಟು ವರ್ಷ ಆ ಪಾಠ ಮಾಡಿದ್ದಳು. ರಕ್ತವಿಲ್ಲದ ಕ್ರಾಂತಿ ಎಂದು ಬೋರ್ಡಿನ ಮೇಲೆ ಬರೆಸಿದ್ದಳು. ಯಾವ ಮಗುವೂ ಈ ಪ್ರಶ್ನೆ ಕೇಳಿರಲಿಲ್ಲ.

"ಅಪ್ಪನ ಸಿಂಹಾಸನದಲ್ಲಿ ಮಗಳು ಕೂತ್ಲಾ?" ಎಂದಳು ಮೇಬಲ್. ತಾನೂ ಕೆಥೊಲಿಕ್ ಆದ ಅವಳ ಕೊರಗು ಬೇರೆ. "ನಮ್ಮ ಧರ್ಮದ ಅಪ್ಪನನ್ನು ಓಡಿಸಿ?"

"ಇಬ್ರೂ ಕೂಡೇ ಕೂತ್ರು. ರಾಜ, ರಾಣಿ, ಇಬ್ರಿಗೂ ಕಿರೀಟ," ಎಂದಳು ಮಂಗಳಾ. "ಸೈದು ಭಾಯಿ, ನೀವು ಕೇಳಿದ್ದು ಖರೇನ ಐತಿ. ಒಂದು ಮಾತು ಮಾತ್ರ ಹೇಳ್ತೀನಿ. ಅಲ್ಲಿನ ಮಂದಿ ಅವನ ಕೈ ಕಟ್ಟಿದ್ರು. ಪಾರ್ಲಿಮೆಂಟು ಒಪ್ಪದ ಕರ ಹಾಕಂಗಿಲ್ಲ, ಕಾನೂನು ಮುರಿಯಂಗಿಲ್ಲ, ಸೈನ್ಯ ಇಡಂಗಿಲ್ಲ ಅಂದ್ರು. ಅವನು ಒಪ್ಪಿದ. ಕತ್ತಿ ಹಿಡದು ಬಂದಾಂವ ಅದಕ್ಕ ಒಪ್ಪಿದ."

ಕಥೆಯನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಳ್ಳೆಯದನ್ನಷ್ಟೇ ಹೇಳಿ ಮುಗಿಸುವುದು ಈಗ ಮೋಸವೆನಿಸಿತು. ಮರುದಿನ ಮಂಗಳಾ ಗ್ಲೆಂಕೋ ಕಣಿವೆಯ ಸಂಗತಿ ಹೇಳಿದಳು. ಸ್ಕಾಟ್ಲೆಂಡಿನ ಬೆಟ್ಟದ ಒಂದು ಕುಲದ ಮುಖ್ಯಸ್ಥ ರಾಜನಿಗೆ ನಿಷ್ಠೆಯ ಆಣೆ ಇಡಲು ತಡವಾಗಿ ಹೋದ. ಚಳಿಗಾಲದಲ್ಲಿ ರಾಜನ ಸೈನಿಕರು ಆ ಕಣಿವೆಗೆ ಬಂದು ತಂಗಲು ಜಾಗ ಕೇಳಿದರು. ಮನೆಯವರು ಉಣ್ಣಲು ಕೊಟ್ಟರು, ಮಲಗಲು ಜಾಗ ಕೊಟ್ಟರು. ಹೆಚ್ಚುಕಡಿಮೆ ಹದಿನೈದು ದಿನ ಒಟ್ಟಿಗೆ ಉಂಡು, ಇಸ್ಪೀಟು ಆಡಿ, ಒಂದು ಬೆಳಗಿನ ಜಾವ ಎದ್ದು ಅದೇ ಮನೆಯವರನ್ನು ಕೊಂದರು. ತಪ್ಪಿಸಿಕೊಂಡ ಹೆಂಗಸರು ಮಕ್ಕಳು ಹಿಮದಲ್ಲಿ ಸತ್ತರು.

"ಹುಕುಮಿಗೆ ರಾಜಂದ ಸಹಿ ಇತ್ತು. ಓದಿ ಹಾಕಿದ್ನೋ, ಓದದ ಹಾಕಿದ್ನೋ, ಇವತ್ತಿಗೂ ವಾದ ಐತಿ. ಆದ್ರ ಯಾರಿಗೂ ತಕ್ಕ ಶಿಕ್ಷಾ ಮಾಡಲಿಲ್ಲ."

ಖತೀಜಮ್ಮ ಎದ್ದು ನಿಂತಳು. ಮುಖ ಕೆಂಪಾಗಿತ್ತು.

"ರೊಟ್ಟಿ ತಿಂದು ಕೊಂದರಾ? ರೊಟ್ಟಿ ತಿಂದು? ಆ ಅಪ್ಪ ಇಲ್ಲದ ಮಗುವಿಗೆ ನಾನು ದಿನಾ ಮನಸ್ಸಲ್ಲೇ ದುವಾ ಮಾಡಿದೆ ಟೀಚರೇ. ಸಾಕು. ನನಗೆ ನಿಮ್ಮ ರಾಜ ಬೇಡ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಂಗಳಾ ಮೆಟ್ಟಿಲು ಹತ್ತುವಾಗ ಮೇಬಲ್ ಜೊತೆಗೆ ಬಂದಳು.

"ಬೇಜಾರು ಮಾಡ್ಕೋಬೇಡಿ. ಅವರು ರೊಟ್ಟಿ ಕೊಟ್ಟ ಆ ಸೋಲ್ಜರ್ ನೆನಪಾಗಿದ್ದಾನೆ, ಅಷ್ಟೇ."

ಎರಡು ದಿನ ಕಥೆ ಇರಲಿಲ್ಲ. ಮೂರನೆಯ ದಿನ ಖತೀಜಮ್ಮಳೇ ಮೇಲೆ ಬಂದು, ಹೊಸಿಲ ಮೇಲೆ ಕೂತು, ಬೇರೆ ಕಡೆ ನೋಡುತ್ತ ಕೇಳಿದಳು. "ಆ ರಾಣಿ ಏನಾದಳು? ಅತ್ತಿದ್ದಳಲ್ಲ ಮದುವೆಯಲ್ಲಿ."

"ಆಮ್ಯಾಲೆ ಭಾಳ ಪ್ರೀತಿ ಆತು ಖತೀಜಮ್ಮ. ಅವನು ಯುದ್ಧಕ್ಕ ಹೋದಾಗ ರಾಜ್ಯ ಆಕಿನ ನೋಡ್ತಿದ್ಲು. ಮೂವತ್ತೆರಡಕ್ಕ ಸಿಡುಬು ಬಂತು."

"ಅವಳಿಗೂ?"

"ಆಕಿಗೂ. ಅಪ್ಪ, ಅವ್ವ, ಹೇಣ್ತಿ, ಮೂರೂ ಮಂದಿ ಅದರಾಗ ಹೋದ್ರು. ಅಷ್ಟು ಯುದ್ಧ ಮಾಡಿದಾಂವ, ಮಾರಿ ಮ್ಯಾಲ ನಗು ಅಳು ಕಾಣಿಸದಾಂವ, ಆಕಿ ಕೋಣ್ಯಾಗ ತನ್ನ ದಂಡಿನ ಮಂಚ ಹಾಕಿಸಿಕೊಂಡು ಅಲ್ಲೇ ಬಿದ್ದ. ಆಕಿ ಸಾಯೂ ಹೊತ್ತಿಗೆ ಎಚ್ಚರ ತಪ್ಪಿದ. ಅವನು ಸತ್ತ ಮ್ಯಾಲ ಅಂಗಿ ಬಿಚ್ಚಿದ್ರ, ಎದಿ ಹತ್ರ ಒಂದು ಕರೀ ಪಟ್ಟಿ. ಅದಕ್ಕ ಆಕಿ ಉಂಗುರ, ಆಕಿ ಕೂದಲು ಕಟ್ಟಿತ್ತು. ಏಳು ವರ್ಷ ಯಾರಿಗೂ ಗೊತ್ತಿಲ್ಲದಂಗ..."

ಮಂಗಳಾಳ ಮಾತು ತುಂಡಾಯಿತು. ಗಂಡನಿದ್ದ ಸ್ಥಾವರದ ಕಡೆಯಿಂದ ಹಿಂದಿನ ದಿನ ಗುಂಡಿನ ಸದ್ದು ಕೇಳಿತ್ತು. ಖತೀಜಮ್ಮ ಹೊಸಿಲು ದಾಟಿ ಒಳಗೆ ಬಂದು ಅವಳ ತಲೆಯನ್ನು ಮಡಿಲಿಗೆಳೆದುಕೊಂಡಳು. ಅಬ್ಬಾಸಿಯಾದಲ್ಲಿ ರಾಜನ ಕಥೆ ಅಲ್ಲಿಗೇ ನಿಂತಿತು.

ಸಿದ್ದಲಿಂಗೇಶ ಸೆಪ್ಟೆಂಬರಿನ ಒಂದು ಬೆಳಿಗ್ಗೆ ನಡೆದುಕೊಂಡು ಬಂದ. ಗಡ್ಡ ಬೆಳೆದಿತ್ತು, ಅಂಗಿ ಎಣ್ಣೆಯಿಂದ ಕಪ್ಪಾಗಿತ್ತು. ಬೇರೆ ಕೆಲಸಗಾರರನ್ನು ತಂದು ಹಾಕಿ, ಹೋಗುವ ಭಾರತೀಯರು ಹೋಗಬಹುದು ಎಂದಿದ್ದರಂತೆ. ಮಂಗಳಾ ಕೊಟ್ಟ ನೀರನ್ನು ನಿಂತೇ ಕುಡಿದ. ಲೋಟ ಕೆಳಗಿಟ್ಟು ಹೇಳಿದ.

"ಶುರುವಿಗೆ ನಮ್ಮವರ ಒಬ್ರು ಅಂದ್ರು, ಎಲ್ಲಾ ಬಂದ್ ಮಾಡೋಣು, ಇವರಿಗ್ಯಾಕ ಕರೆಂಟು ಅಂತ. ನಂಗೂ ಹಂಗ ಅನಸ್ತು. ಸ್ವಿಚ್ ಮ್ಯಾಲ ಕೈ ಇಟ್ಟಿದ್ದೆ ಮಂಗಳಾ. ಆದ್ರ ನೀರಿನ ಯಂತ್ರಾನೂ ಅದರ ಮ್ಯಾಲ ನಿಂತಾವಲ್ಲ. ಮೊದಲ ಸಾಯೋರು ದವಾಖಾನ್ಯಾಗಿನ ಮಂದಿ, ಕೂಸುಗಳು. ಕೈ ತಗದೆ. ಸರಿ ಮಾಡಿದ್ನೋ, ತಪ್ಪು ಮಾಡಿದ್ನೋ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಮೇಬಲ್ ಹೇಳಿದಳು. "ನಮ್ಮ ವಾರ್ಡಲ್ಲಿ ಒಂದು ದಿನವೂ ಲೈಟ್ ಹೋಗ್ಲಿಲ್ಲ, ಅಣ್ಣಾ. ನಾವು ದೇವರಿಗೆ ಥ್ಯಾಂಕ್ಸ್ ಹೇಳ್ತಿದ್ದೆವು. ನೀವು ಅಂತ ಗೊತ್ತಿರಲಿಲ್ಲ."

ಮಂಗಳಾ ಗಂಡನ ಕೈಗಳನ್ನೇ ನೋಡುತ್ತ ನಿಂತಳು. ಒಡ್ಡು ತೆಗೆದವನ ಎದೆಗಾರಿಕೆಯನ್ನು ಇಷ್ಟು ದಿನ ಬಾಯಿ ತುಂಬ ಹೊಗಳಿದ್ದಳು. ತೆಗೆಯದೆ ಬಿಟ್ಟವನ ಎದೆಯೂ ಅಷ್ಟೇ ದೊಡ್ಡದಿರಬಹುದೆಂದು ಅವಳಿಗೆ ಆವರೆಗೆ ಹೊಳೆದಿರಲಿಲ್ಲ. ಹದಿಮೂರು ವರ್ಷ ಒಟ್ಟಿಗೆ ಬಾಳಿದ ಮನುಷ್ಯನ ಎದುರು ಅವಳಿಗೆ ಮೊದಲ ಬಾರಿ ಏಕೋ ಸಂಕೋಚವಾಯಿತು.

ವಾರದೊಳಗೆ ಸೈದುವಿನ ಸಂಸಾರವೂ ಇವರೂ ಒಂದೇ ಬಸ್ಸು ಹತ್ತಿದರು. ಮೇಬಲ್ ಆಸ್ಪತ್ರೆ ಬಿಟ್ಟು ಬರಲಿಲ್ಲ. ಬಸ್ಸು ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನಿನ ಗಡಿ ತಲುಪಿತು. ಅಲ್ಲಿ ಸಾವಿರಾರು ಜನ ಬಟಾಬಯಲಿನಲ್ಲಿ ಡೇರೆ ಹಾಕಿಕೊಂಡು ವಿಮಾನದ ಸರದಿಗೆ ಕಾಯುತ್ತಿದ್ದರು. ನೀರಿನ ಟ್ಯಾಂಕರಿಗೆ ಹೊಡೆದಾಟ, ಎಲ್ಲೆಲ್ಲೂ ಧೂಳು. ಅಲ್ಲಿಯೇ ಒಂದು ಮಧ್ಯಾಹ್ನ, ಡೇರೆಯ ನೆರಳಿನಲ್ಲಿ ಖತೀಜಮ್ಮ, "ಕೊನೆ ಹೇಳಿಬಿಡಿ ಟೀಚರೇ, ಅರ್ಧಕ್ಕೆ ಬಿಡಬಾರದು," ಎಂದಳು. ಅಕ್ಕಪಕ್ಕದ ಡೇರೆಯ ಕನ್ನಡದವರೂ ಬಂದು ಕೂತರು. ಕಥೆಯ ತಲೆಬುಡ ಗೊತ್ತಿಲ್ಲದವರಿಗೆ ಸೈದುವೇ ಮೊದಲಿನಿಂದ ಹೇಳಿದ. ನೀರು ಬಿಟ್ಟದ್ದನ್ನು ಅವನು ಮಂಗಳಾಳಿಗಿಂತ ಚೆನ್ನಾಗಿ ಹೇಳಿದ.

ಮಂಗಳಾ ಕೊನೆ ಹೇಳಿದಳು. ಮಕ್ಕಳಿಲ್ಲದ ರಾಜ. ಇಂಗ್ಲೆಂಡಿನವರು ಅವನನ್ನು ಎಂದೂ ತಮ್ಮವನೆಂದು ಅಪ್ಪಿಕೊಳ್ಳಲಿಲ್ಲ. ಲಂಡನ್ನಿನ ಹೊಗೆ ಅವನ ಎದೆಗೆ ಆಗಲಿಲ್ಲ, ಊರಾಚೆ ಮನೆ ಮಾಡಿದ. ಫಿರಂಗಿಯ ಗುಂಡು ಒಮ್ಮೆ ಹೆಗಲು ಸವರಿಕೊಂಡು ಹೋಗಿತ್ತು, ಸಾಯಲಿಲ್ಲ. ಐವತ್ತೊಂದರಲ್ಲಿ ಒಂದು ದಿನ ಕುದುರೆ ಸವಾರಿಗೆ ಹೋದ. ನೆಲದೊಳಗೆ ಬಿಲ ತೋಡುವ, ಇಲಿಯಂಥ ಒಂದು ಸಣ್ಣ ಪ್ರಾಣಿ. ಅದು ಎಬ್ಬಿಸಿದ ಮಣ್ಣಗುಡ್ಡೆಗೆ ಕುದುರೆ ಎಡವಿತು. ರಾಜ ಬಿದ್ದ, ಹೆಗಲಿನ ಎಲುಬು ಮುರಿಯಿತು, ಮೇಲೆ ಜ್ವರ ಬಂತು. ಕೆಲವೇ ದಿನಗಳಲ್ಲಿ ಮುಗಿಯಿತು.

"ಲಕ್ಷ ಮಂದಿ ದಂಡಿಗೆ ಆಗದ್ದು," ಎಂದ ಸಿದ್ದಲಿಂಗೇಶ. ಅವನು ಈ ಕಥೆ ಕೇಳುತ್ತಿದ್ದದ್ದು ಅದೇ ಮೊದಲು.

ಯಾರೋ ಒಬ್ಬ ಮುದುಕ ನೆಲದ ಮರಳನ್ನು ಮುಷ್ಟಿಯಲ್ಲಿ ಎತ್ತಿ ನೋಡಿ ಮೆಲ್ಲಗೆ ಕೆಳಗೆ ಬಿಟ್ಟ. ಖತೀಜಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಹೇಳಿದಳು.

"ದೊಡ್ಡ ಮನುಷ್ಯ. ಒಳ್ಳೆಯವನಾ ಅಂತ ನನ್ನ ಕೇಳಬೇಡಿ. ಆದರೆ ದೊಡ್ಡವ."

ವಿಮಾನ ಸಿಕ್ಕಿತು. ಮುಂಬೈಯಲ್ಲಿ ಎರಡೂ ಸಂಸಾರಗಳು ಬೇರೆ ಬೇರೆ ರೈಲು ಹಿಡಿದವು. ಮಂಗಳಾ ಧಾರವಾಡದಲ್ಲಿ ಮಗಳನ್ನು ಸೇರಿದಳು.

ಮರುವರ್ಷ ಕುವೈತ್ ಬಿಡುಗಡೆಯಾದ ಮೇಲೆ ಸ್ಥಾವರದಿಂದ ಸಿದ್ದಲಿಂಗೇಶನಿಗೆ ಕರೆ ಬಂತು. ಸೈದುವೂ ಕುವೈತಿಗೆ ಮರಳಿ ಶುವೈಖ್‌ನಲ್ಲಿ ಒಬ್ಬನ ಗೋದಾಮಿನಲ್ಲಿ ಕೆಲಸಕ್ಕೆ ಸೇರಿ, ಎರಡು ವರ್ಷದ ಮೇಲೆ ಮತ್ತೆ ಅಬ್ಬಾಸಿಯಾದಲ್ಲೇ ಅಂಗಡಿ ತೆರೆದ. ಮಂಗಳಾ ಸ್ವಪ್ನಾಳನ್ನು ಕರೆದುಕೊಂಡು ಬಂದಿಳಿದ 1991ರ ಅಕ್ಟೋಬರಿನಲ್ಲಿ, ಸೋತು ಹಿಂದಿರುಗುವಾಗ ಇರಾಕಿನ ಸೈನ್ಯ ಹಚ್ಚಿದ್ದ ಎಣ್ಣೆಬಾವಿಗಳ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ. ಮೇಬಲ್ ನೋಡಲು ಬಂದಳು. ಬಹಳ ಬಡವಾಗಿದ್ದಳು. ಫೆಬ್ರವರಿಯಲ್ಲಿ ಆಕಾಶ ಹೇಗಿತ್ತು ಎಂದು ಅವಳು ಹೇಳಿದಳು. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನಿಲ್ಲ, ಕರೆಂಟಿಲ್ಲ. ಹಗಲಿಗೇ ಟಾರ್ಚು ಹಿಡಿದು ಸೂಜಿ ಚುಚ್ಚಿದರು, ಹೆರಿಗೆ ಮಾಡಿಸಿದರು. ಮಳೆ ಬಂದರೆ ಕಪ್ಪು ಮಳೆ, ಮಗುವಿನ ಬಿಳಿ ಬಟ್ಟೆಯ ಮೇಲೆ ಕಪ್ಪು ಚುಕ್ಕೆ.

"ಹೆದರಿಕೆ ಆಗ್ಲಿಲ್ಲೇನ್ರಿ, ಸಿಸ್ಟರ್?" ಎಂದು ಮಂಗಳಾ ಕೇಳಿದಳು.

"ಆಗದೆ ಎಂತ," ಎಂದಳು ಮೇಬಲ್. "ಆದ್ರೆ ಮಗು ಅಳ್ತದಲ್ಲ, ಆಗ ಕೈ ತನ್ನಷ್ಟಕ್ಕೆ ಕೆಲಸ ಮಾಡ್ತದೆ."

ಮಂಗಳಾ ಚಹಾ ಮಾಡುವುದನ್ನು ಮರೆತು ಅವಳ ಎದುರು ನೆಲದ ಮೇಲೆ ಕೂತುಬಿಟ್ಟಿದ್ದಳು.

"ಹೇಳ್ರಿ," ಎಂದಳು. "ಮೊದಲಿಂದ ಹೇಳ್ರಿ."